ಗಾಜಿನ ಕೋಣೆಯ ತಂಪು

ಬಾಗಿಲು ತಳ್ಳಿದ ಶಂಕರಮ್ಮನ ಮುಖಕ್ಕೆ ತಂಪು ಗಾಳಿ ಬಡಿಯಿತು. ಅವಳಿಗೆ ನಂಬಿಕೆಯೇ ಬರಲಿಲ್ಲ. ನೆತ್ತಿ ಸುಡುವ ಈ ಹೊತ್ತಿಗೆ ಗಾಜಿನ ಕೋಣೆ ಕಾದ ಕಾವಲಿಯಾಗಿರಬೇಕಿತ್ತು. ಬೆಳಿಗ್ಗೆ ಊರಾಚೆಯ ಹಿಪ್ಪನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ಗಾಳಿ ಎದ್ದಿತ್ತು. ಮಾಡಿನ ಗಾಜಿಗೆ ಹೊದಿಸಿದ್ದ ತೆಂಗಿನ ಗರಿಗಳ ಗತಿ ಮುಗಿಯಿತು ಎಂದುಕೊಂಡು, ಕುಕ್ಕೆ ತುಂಬಿದ್ದೇ ಎದ್ದೆನೋ ಬಿದ್ದೆನೋ ಎಂದು ಓಡಿಬಂದಿದ್ದಳು. ನೋಡಿದರೆ ಗರಿ ಹಾರಿಹೋದ ಕಡೆಯಲ್ಲೆಲ್ಲ ಒದ್ದೆ ಗೋಣಿಚೀಲ! ಗಾಜಿನ ಸಂದಿಯಿಂದ ರೇಷ್ಮೆ ಹುಳುವಿನ ತಟ್ಟೆಗಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಯಾವ ಪುಣ್ಯಾತ್ಮರ ಕೆಲಸವೋ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡು ಸೊಪ್ಪಿನ ಕುಕ್ಕೆ ಇಳಿಸಿದಳು.

ಇಳಿಸಿದವಳು ಹಾಗೇ ನಿಂತಳು. ಸದ್ದಿಲ್ಲ. ನಾಲ್ಕನೇ ಜ್ವರ ಮುಗಿಸಿ, ಕಡೆಯ ಸಲ ಪೊರೆ ಕಳಚಿ ಎದ್ದ ಹುಳು ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು ಬರಬೇಕು. ಹತ್ತಿರದ ತಟ್ಟೆಗೆ ಬಗ್ಗಿದಳು. ಹುಳುಗಳೆಲ್ಲ ಎದೆ ಎತ್ತಿ, ತಲೆಯನ್ನು ಅತ್ತಿತ್ತ ಆಡಿಸುತ್ತ, ಹಸಿರು ನೀರು ಕಕ್ಕುತ್ತಿದ್ದವು. ಎರಡನೇ ತಟ್ಟೆ ನೋಡಿದಳು, ಮೂರನೆಯದು ನೋಡಿದಳು. ಹದಿನಾಲ್ಕು ತಟ್ಟೆಯಲ್ಲೂ ಅದೇ. ಗೋಡೆ ಪಕ್ಕದವು ಆಗಲೇ ಮೆತ್ತಗಾಗಿ ಬಿದ್ದಿದ್ದವು. ಇನ್ನು ಮೂರು ದಿನ ಕಳೆದಿದ್ದರೆ ಹಣ್ಣಾಗಿ ಗೂಡು ಕಟ್ಟುವ ಹುಳು!

"ಅಯ್ಯೋ ಮಾದಪ್ಪ!" ಎಂದಳು.

ಗಂಡ ತೀರಿಕೊಂಡ ಮೇಲೆ ಅವಳನ್ನು ಅಗರದ ಅಣ್ಣನ ಮನೆಗೆ ಅಟ್ಟಿಬಿಡಬೇಕೆಂದು ಮಾವ ಪುಟ್ಟಮಲ್ಲಪ್ಪ ಹಟ ಹಿಡಿದಿದ್ದ. ಕಾಲು ಹಿಡಿದು ಬೇಡಿಕೊಂಡದ್ದಕ್ಕೆ ಒಂದು ಮಾತು ಆಡಿದ್ದ. "ಒಂದು ಬೆಳೆ ಗೂಡು ತಗುದು ತೋರ್ಸು. ತೋರ್ಸಿದ್ರ ಈ ಮನೇಲಿರು. ಇಲ್ದಿದ್ರ ನಿಮ್ಮಣ್ಣ ಗಾಡಿ ತತ್ತಾನ, ಅತ್ಕಂಡು ಓಗು." ಹುಳು ಸಾಕಲು ಕೊಟ್ಟ ಕೋಣೆಯಾದರೂ ಎಂಥದು! ಬೆಟ್ಟದ ಕಾಫಿ ತೋಟದ ದೊರೆಯ ಬಂಗಲೆ ನೋಡಿಬಂದು, ಕೊಯಮತ್ತೂರಿನಿಂದ ಗಾಜು ತರಿಸಿ, ಗೋಡೆಗೂ ಮಾಡಿಗೂ ಹಾಕಿಸಿ, ಕಡೆಗೆ ಒಂದು ಬೇಸಿಗೆಯೂ ಕೂರಲಾಗದೆ ಅವನೇ ಬಿಟ್ಟಿದ್ದ ಕೋಣೆ. ಕತ್ತಲಿನ ನಡುಮನೆ ಖಾಲಿ ಇದ್ದರೂ ಇದನ್ನೇ ತೋರಿಸಿದ್ದು ಯಾಕೆಂದು ಮುಳ್ಳೂರಿಗೆಲ್ಲ ಗೊತ್ತಿತ್ತು. ಶಂಕರಮ್ಮ ಜಗ್ಗಲಿಲ್ಲ. ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿದಳು, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದಳು, ಗಾಜಿಗೆ ಗರಿ ಹೊದಿಸಿದಳು. ಇಪ್ಪತ್ತೆರಡು ದಿನ ಸೆಖೆಯನ್ನು ಹೊಸಿಲಿನ ಆಚೆಗೇ ನಿಲ್ಲಿಸಿದ್ದಳು.

ಮೇಲಿಂದ ಒಂದು ಹನಿ ಕೈ ಮೇಲೆ ಬಿತ್ತು. ಕಂದು ಬಣ್ಣದ ಹನಿ. ಮೂಸಿ ನೋಡಿದಳು. ಹೊಗೆಸೊಪ್ಪು! ಅದರ ಗಾಳಿ ಸೋಕಿದರೂ ರೇಷ್ಮೆ ಹುಳು ಬದುಕುವುದಿಲ್ಲ. ಅದಕ್ಕೇ ಅಲ್ಲವೇ, ಮೂರು ಹೊತ್ತೂ ಹೊಗೆಸೊಪ್ಪು ಜಗಿಯುವ ಅತ್ತೆ ದೊಡ್ಡಬಸಮ್ಮನನ್ನು ಮೊದಲ ದಿನವೇ ಬಾಗಿಲಲ್ಲಿ ತಡೆದದ್ದು? "ನೀವು ಒಳಗ ಬರಬ್ಯಾಡಿ ಅತ್ತೆಮ್ಮ" ಎಂದಿದ್ದಳು. ಅವತ್ತಿನಿಂದ ಮುದುಕಿ ಅವಳೊಡನೆ ಮಾತು ಬಿಟ್ಟಿದ್ದಳು. ಆ ಒಂದು ಮಾತಿಗೆ ಇಷ್ಟು ದೊಡ್ಡ ಸೇಡೇ?

ಬಾಗಿಲು ಎಳೆದುಕೊಂಡು ಶಂಕರಮ್ಮ ಹೊರಗೆ ಬಂದಳು. ಮಾಡಿಗೆ ಒರಗಿಸಿದ್ದ ಏಣಿಯ ಬುಡದಲ್ಲಿ ದೊಡ್ಡಬಸಮ್ಮ ಕೊಡ ಇಳಿಸಿ ಏದುಸಿರು ಬಿಡುತ್ತಿದ್ದಳು. ತಲೆಯಿಂದ ಸೀರೆಯ ಅಂಚಿನವರೆಗೂ ನೀರು ಸೋರುತ್ತಿತ್ತು.

"ಯಾರು ಆಕಿದ್ದು ಈ ಚೀಲ?"

"ನಾನೇ ಕಣವ್ವ. ಗರಿಯೆಲ್ಲ ಆರ್ಕಂಡು ಓಯ್ತು. ಹುಳ ಬೆಂದೋಯ್ತವಲ್ಲಪ್ಪ ಅಂತ ಜೀವ ನಿಲ್ನಿಲ್ಲ. ಬಾವಿಯಿಂದ ಇಪ್ಪತ್ತು ಕೊಡ ಒತ್ತಾಕ್ದೆ. ಒಳಗ ತಣ್ಣಗದಾ?"

"ಚೀಲ ಎಲ್ಲಿದ್ವು ಅತ್ತೆಮ್ಮ?"

"ಅಟ್ಟದ ಮ್ಯಾಲೆ. ನನ್ನ ಒಗೆಸೊಪ್ಪಿನ ಚೀಲ, ಬರಿದಾಗಿದ್ವಲ್ಲ. ನೀನು ಒಳಗ ಬರಬ್ಯಾಡಿ ಅಂದ ದಿನಾನೇ ಇದ್ಬದ್ದ ಸೊಪ್ಪನ್ನೆಲ್ಲ ತಿಪ್ಪೆಗ ಸುರುದ್ಬುಟ್ಟೆ. ಇವತ್ತಿಗೆ ಇಪ್ಪತ್ತೆರಡು ದಿನ, ಒಂದು ಚೂರು ಬಾಯಿಗಾಕಿಲ್ಲ. ತಲ ಸಿಡ್ದು ಸಾಯ್ತಿದ್ದೆ ಕಣವ್ವ. ಬಾಯ್ ಬುಟ್ರ ನಿನ್ ಮ್ಯಾಲೆ ಎಲ್ಲಿ ಸಿಡುಕ್ಬುಡ್ತೀನೋ ಅಂತ ಮಾತೇ ಆಡ್ದಂಗಿದ್ದೆ."

ಶಂಕರಮ್ಮನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಸತ್ತಿತು. ಕೈ ಹಿಂದಕ್ಕೆ ಹೋಗಿ ಬಾಗಿಲ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಮಗನಂತೂ ಓದ" ಎಂದಳು ದೊಡ್ಡಬಸಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನೀನೂ ಅಗರಕ್ಕೆ ಓಗ್ಬುಟ್ರ ನಾನು ಯಾರ ಮೊಕ ನೋಡ್ಕಂಡಿರ್ಲಿ, ಏಳು? ಒಂದ್ಸಲ ಒಳಕ್ಕ ಬುಡು ಮೊಗ. ಹುಳ ಎಷ್ಟು ದಪ್ಪ ಆಗವ ಅಂತ ಕಣ್ತುಂಬ ನೋಡ್ಬುಟ್ಟು ಬಂದ್ಬುಡ್ತೀನಿ. ನಂಬ್ಕೆ ಇಲ್ದಿದ್ರ ಮೂಸ್ನೋಡು, ಏನಾರ ವಾಸ್ನೆ ಅದಾ?"

ಎಂದು ಹತ್ತಿರ ಬಂದು, ಹಲ್ಲುದುರಿದ ಬಾಯನ್ನು ಅಗಲಕ್ಕೆ ತೆರೆದು ಸೊಸೆಯ ಮುಖದ ಮುಂದೆ ಹಿಡಿದು ನಿಂತಳು.