ಲೈನ್ ಸಿಗುವ ಮುನ್ನ

"ಅಮ್ಮಾರ, ಇವು ಗಾಡ್ಯಾಗ ಇಡ್ಲೇನ್ರಿ, ರದ್ದಿಗೆ ಹಾಕ್ಲೇನ್ರಿ?" ಇಟ್ಟಿಗೆ ದಪ್ಪದ ಕೈಪಿಡಿಗಳನ್ನು ಎದೆಗೊತ್ತಿಕೊಂಡು ಹಮಾಲಿ ಸಾಯಬಣ್ಣ ಬಾಗಿಲಲ್ಲಿ ನಿಂತ. ಜೀವನ್ ಬಿಮಾ ನಗರದ ಮನೆಯ ಸಾಮಾನೆಲ್ಲ ಹೊಸ ತಿಪ್ಪಸಂದ್ರಕ್ಕೆ ಹೊರಟಿತ್ತು. ಹೊಸ ಮನೆ ಚಿಕ್ಕದು.

"ರದ್ದಿಗೆ," ಎಂದರು ಸೀತಾಲಕ್ಷ್ಮಿ.

"ಗಾಡಿಗೆ," ಎಂದರು ಅವರ ಗಂಡ ಶ್ರೀಕಂಠಯ್ಯ.

ಸಾಯಬಣ್ಣ ಹೊರೆ ಇಳಿಸಿ, ನೀರು ಕುಡಿಯುವ ನೆಪದಲ್ಲಿ ಜಾಗ ಖಾಲಿ ಮಾಡಿದ. ಗಂಡಹೆಂಡಿರ ನಡುವೆ ಸಿಕ್ಕಿಕೊಳ್ಳುವಷ್ಟು ದಡ್ಡನಲ್ಲ ಅವನು.

ಅಂಗೈಯ ಫೋನಿನಲ್ಲೇ ಎಲ್ಲ ಸಿಗುವ ಈ ಕಾಲದಲ್ಲಿ ಆ ಕೈಪಿಡಿಗಳಿಗೆ ಕವಡೆ ಕಿಮ್ಮತ್ತಿಲ್ಲ, ನಿಜ. ಆದರೆ ಹಿಂದೆ ಕಾರ್ಖಾನೆಯ ಲೈಬ್ರರಿಯಲ್ಲಿ ಸೀತಾಲಕ್ಷ್ಮಿಯವರ ಕೆಲಸವೇ ಹುಡುಕುವುದಾಗಿತ್ತು. ಎಂಜಿನಿಯರುಗಳು ಕೇಳಿದ ವರದಿಗಳನ್ನು ಟೆಲಿಫೋನ್ ಲೈನಿನ ಮೂಲಕ ಪರದೇಶದ ಕಂಪ್ಯೂಟರಿನಿಂದ ಹೆಕ್ಕಿ ಕೊಡುತ್ತಿದ್ದರು. ಯಾವುದಕ್ಕೆ ಯಾವ ಸಂಕೇತ ಒತ್ತಬೇಕೆಂಬುದು ಈ ಕೈಪಿಡಿಗಳಲ್ಲಿತ್ತು. ಮೊದಲು ಇವನ್ನು ನೋಡಿ ಎಲ್ಲ ಬರೆದಿಟ್ಟುಕೊಳ್ಳಬೇಕು, ಆಮೇಲೆ ಲೈನ್. ಲೈನ್ ಸಿಕ್ಕಿತೋ, ನಿಮಿಷ ನಿಮಿಷಕ್ಕೂ ಡಾಲರ್ ಕರಗುತ್ತಿತ್ತು. ಪಕ್ಕದಲ್ಲಿ ಕುಳಿತವರು ಕೆಮ್ಮಿದರೂ ಸೀತಾಲಕ್ಷ್ಮಿ ಕೈಯೆತ್ತಿ ಸುಮ್ಮನಾಗಿಸುತ್ತಿದ್ದರು. ಎಷ್ಟೋ ಸಲ ಹಾಗೆ ಪಕ್ಕದಲ್ಲಿ ಕುಳಿತಿರುತ್ತಿದ್ದವರು ಎಂಜಿನಿಯರ್ ಶ್ರೀಕಂಠಯ್ಯ.

"ಇವನ್ನ ಓದ್ತಿದ್ದೋಳು ನಾನು. ನಿಮಗ್ಯಾಕ್ರೀ ಸಂಕಟ?"

"ನೀನು ಓದ್ತಿದ್ದೆ. ನಾನು ನಿನ್ನ ನೋಡ್ತಿದ್ದೆ." ಶ್ರೀಕಂಠಯ್ಯ ಮೇಲಿನ ಕೈಪಿಡಿಯ ಧೂಳು ಒರೆಸಿದರು. ಈ ವಯಸ್ಸಿನಲ್ಲೂ ಅವರಿಗೆ ನಾಚಿಕೆಯಾಯಿತು. "ಲೈನ್ ಸಿಕ್ಕಿದ್ಮೇಲೆ ಬಾಯಿ ಬಿಡೋ ಹಾಗಿರ್ಲಿಲ್ಲ. ನೀನು ಪುಟ ತಿರುವ್ತಾ ಇರೋವರ್ಗೂ ತಾನೇ ನಮ್ಮ ಮಾತು? ಇವು ಇಷ್ಟು ದಪ್ಪ ಇಲ್ದೇ ಇದ್ದಿದ್ರೆ ನಮ್ಮ ಮದುವೆ ಆಗ್ತಿತ್ತಾ, ಹೇಳು?"

ಸೀತಾಲಕ್ಷ್ಮಿ ಬಗ್ಗಿ ಒಂದು ಕೈಪಿಡಿ ತೆಗೆದು ಪುಟ ತಿರುವತೊಡಗಿದರು. ಅಷ್ಟರಲ್ಲಿ ಸಾಯಬಣ್ಣ ಹಿಂದಿರುಗಿದ.

"ಗಾಡಿಗೇ ಹಾಕಪ್ಪ," ಎಂದರು ಸೀತಾಲಕ್ಷ್ಮಿ. "ಹುಷಾರಾಗಿ."

ಅವನು ಉಳಿದವನ್ನೆಲ್ಲ ಎತ್ತಿಕೊಂಡು ಮೆಟ್ಟಿಲಿಳಿದ ಮೇಲೆ, ಕೈಯಲ್ಲಿದ್ದದ್ದನ್ನು ಮುಚ್ಚಿ ಗಂಡನ ಕೈಗಿತ್ತರು.

"ನಿಮಗೆ ಇದೆಲ್ಲ ನೆನಪೇ ಇಲ್ಲ ಅಂದ್ಕೊಂಡಿದ್ದೆ. ಆ ಸಂಕೇತ ಎಲ್ಲಾ ನಂಗೆ ಬಾಯಿಪಾಠ ಆಗಿತ್ತು ಕಣ್ರೀ. ಬೇರೆಯೋರು ಬಂದಾಗ ಇವನ್ನ ಬೀರುವಿಂದ ತೆಗೀತಾನೇ ಇರ್ಲಿಲ್ಲ."