ಬಳೆಯ ಸುತ್ತ ಒಂಬತ್ತು ಸಹಿ

ಗಾಜಿನ ಬಳೆಯೊಂದು ಕಾಗದದ ಮೇಲೆ ಬಿದ್ದಿರುವುದು ಕಂಡರೆ ಇವತ್ತಿಗೂ ನನಗೆ ಬಳೇಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಅಲ್ಲಿನ ಬಳೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಚಿಕ್ಕವಳಾಗಿದ್ದ ನಾನೂ ಅವಳ ಜೊತೆಗೇ ಇರುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ಕೆಲಸದ ಹೆಂಗಸರು ನಿಂತೇ ಇರಬೇಕಿತ್ತು. ಕೂರಲು ಸ್ಟೂಲು ಕೊಡಿ ಎಂದು ಮೊದಲು ಬಾಯಿಬಿಟ್ಟ ಸರೋಜಕ್ಕನನ್ನು ಸಾಹುಕಾರರು ಮರುದಿನವೇ ಕೆಲಸದಿಂದ ಬಿಡಿಸಿದ್ದರು.

ಅವತ್ತು ಊಟದ ಹೊತ್ತಿನಲ್ಲಿ ಅಮ್ಮ ಅರ್ಜಿ ಬರೆದಳು. ಎಲ್ಲರಿಗೂ ಸ್ಟೂಲು ಬೇಕು, ಸರೋಜಕ್ಕ ವಾಪಸ್ ಬರಬೇಕು. ಅಮ್ಮನೂ ಸೇರಿ ಉಳಿದಿದ್ದವರು ಒಂಬತ್ತು ಜನ; ಎಲ್ಲರೂ ಹೂಂ ಎಂದರು. ಆದರೆ ಮೊದಲ ಸಹಿಗೆ ಯಾರ ಕೈಯೂ ಮುಂದೆ ಬರಲಿಲ್ಲ.

ಅಮ್ಮ ಎಲ್ಲಕ್ಕಿಂತ ದೊಡ್ಡ ಸೈಜಿನ ಹಸಿರು ಬಳೆಯನ್ನು ಕಾಗದದ ಮೇಲಿಟ್ಟು, "ಅಲ್ಲಾಡದ ಹಾಗೆ ಹಿಡ್ಕೊಳ್ಳೇ" ಎಂದು ನನಗೆ ಹೇಳಿ ಸುತ್ತಲೂ ಗೆರೆ ಎಳೆದಳು.

"ಬಳೆಗೆ ಮೊದಲು, ಕೊನೆ ಅಂತ ಇರತ್ತಾ? ಸುತ್ತ ಸಹಿ ಹಾಕ್ಕೊಂಡು ಬನ್ನಿ."

ಒಂಬತ್ತು ಸಹಿಯೂ ಬಿದ್ದ ಅರ್ಜಿ ಕೈಗೆ ಬಂದಾಗ ಸಾಹುಕಾರರು ಕನ್ನಡಕ ಹಾಕಿಕೊಂಡು ಕಾಗದವನ್ನು ಒಂದು ಸುತ್ತು ತಿರುಗಿಸಿದರು. ಮತ್ತೊಂದು ಸುತ್ತು ತಿರುಗಿಸಿದರು.

"ಮೊದಲು ಸೈನ್ ಹಾಕಿದ್ದು ಯಾರಮ್ಮಾ?"

"ನೀವೇ ಹುಡುಕಿ ಸಾರ್," ಎಂದಳು ಅಮ್ಮ. ಯಾರೋ ಕಿಸಕ್ಕೆಂದರು.

ಗೌರಿ ಹಬ್ಬಕ್ಕೆ ಒಂದೇ ವಾರವಿತ್ತು. ಬಳೆ ತೊಡಿಸುವ ಒಂಬತ್ತು ಜನರನ್ನೂ ಬಿಡಿಸಿ ಅಂಗಡಿ ನಡೆಸುವುದು ಅವರಿಂದ ಆಗುವ ಮಾತಾಗಿರಲಿಲ್ಲ.

ಸೋಮವಾರ ಕೈಗಾಡಿಯಲ್ಲಿ ಸ್ಟೂಲುಗಳು ಬಂದವು. ಹೊಸ ಮರದ ವಾಸನೆ ಅಂಗಡಿ ತುಂಬಿತು. ಹತ್ತು ಸ್ಟೂಲು. ಹಿಂದೆಯೇ ಸರೋಜಕ್ಕ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ.

ಯಾರೂ ಕೂರಲಿಲ್ಲ. ಅಮ್ಮ ಒಂದು ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದೆ ತಳ್ಳಿದಳು.

"ಮೊದಲು ಕೇಳಿದ್ದು ನೀವು ಅಕ್ಕಾ. ಮೊದಲು ನೀವು ಕೂತ್ಕೊಳ್ಳಿ."