ಮುಳುಗುವಷ್ಟು ನೀರು

ತೊಂಬತ್ತೆಂಟರ ಫಾಲ್ಗುಣ, ಶನಿವಾರ, ಬೆಳಗಿನ ಹತ್ತರ ಬಿಸಿಲು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲೈನುಮನೆಗಳ ಹೆಂಗಸರು ಹೊಸ ಬ್ಯಾಪ್ಟಿಸ್ಟ್ ಚರ್ಚಿನ ತೊಟ್ಟಿಗೆ ನೀರು ಹೊರಲು ಶುರು ಮಾಡಿದರು. ಮಿಲ್ಲು ಮುಚ್ಚಿ ತಿಂಗಳಾಗಿತ್ತು. ಚರ್ಚಿಗೆ ಮಾಡು ಇನ್ನೂ ಹೊದಿಸಿರಲಿಲ್ಲ. ಆದರೂ ಭಾನುವಾರ ಬಳ್ಳಾರಿಯಿಂದ ಪಾಸ್ಟರು ಬಂದು ಸಿದ್ದಕ್ಕನಿಗೆ ದೀಕ್ಷಾಸ್ನಾನ ಕೊಡುವುದೆಂದು ಗೊತ್ತಾಗಿತ್ತು. ಸೋಮವಾರ ಅವಳ ಮಗ ಗಂಗರಾಜು ತಾಯಿಯನ್ನು ಕರೆದುಕೊಂಡು ಹಾವೇರಿ ಕಡೆಯ ಹತ್ತಿ ಮಿಲ್ಲಿಗೆ ಹೊರಡುವವನಿದ್ದ. ಅವನಿಗೆ ಈ ದೇವರು ಆಗದು. ಅಲ್ಲಿಗೆ ಹೋದಮೇಲೆ ಚರ್ಚಿನ ಮಾತೆತ್ತಕೂಡದು ಎಂದು ಮೊದಲೇ ಹೇಳಿದ್ದ.

ಹೊತ್ತು ಮುಳುಗುವಷ್ಟರಲ್ಲಿ ಸೊಂಟಮಟ್ಟ ತುಂಬಿತು. ಸಿದ್ದಕ್ಕ ಕೈ ಅದ್ದಿ ನೋಡಿದಳು. ತೊಟ್ಟಿ ಕಟ್ಟಿದವನು ಅವಳ ತಮ್ಮ ಗಾದ್ರಪ್ಪ.

"ನನ್ನ ಮದುವೇಲೂ ಇಷ್ಟು ನೀರು ಹುಯ್ದಿರ್ಲಿಲ್ಲ ಕಣಲೇ" ಎಂದು ಅವನಿಗೆ ಹೇಳಿ ನಕ್ಕಳು.

ಬೆಳಗ್ಗೆ ನೋಡಿದರೆ ತಳದಲ್ಲಿ ಬರೀ ಕೆಸರು. ಗಾದ್ರಪ್ಪ ಗೋಡೆಯ ಗಿಲಾವನ್ನು ಉಗುರಿನಿಂದ ಕೆರೆದ. ಹಪ್ಪಳದಂತೆ ಎದ್ದು ಬಂತು. ಆಗ ಅವನಿಗೆ ಹೊಳೆಯಿತು. ಲೈನಿನಲ್ಲಿ ಎಲ್ಲರ ಮನೆಯಲ್ಲೂ ನೀರಿಗೆ ಮಿಲ್ಲಿನ ಎಣ್ಣೆ ಡಬ್ಬವೇ. ಗಾರೆ ಕಲಸಲು ನೀರು ತಂದದ್ದೂ ಅದರಲ್ಲೇ. ಜಿಡ್ಡು ತೊಳೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ, ಹುಟ್ಟಿದಾಗಿನಿಂದ ಆ ನೀರನ್ನೇ ಕುಡಿದವರು. ಎಣ್ಣೆ ಸೇರಿದ ಗಾರೆ ಕಚ್ಚಿರಲಿಲ್ಲ.

ಕೊಳಾಯಿಗೆ ಮತ್ತೆ ನೀರು ಬರುವುದು ಎಂಟು ದಿನಕ್ಕೆ. ಕೆರೆ ಆಗಲೇ ಬತ್ತಿತ್ತು. ಸಿದ್ದಕ್ಕ ಬಿಳಿ ಸೀರೆ ಉಟ್ಟು ಪಾಸ್ಟರ ಮುಂದೆ ನಿಂತಳು.

"ಮನೇಲಿ ಒಂದು ಚೊಂಬು ನೀರು ಐತೆ ಅಯ್ಯನೋರೆ. ತಲೆ ಮ್ಯಾಲೆ ಹುಯ್ದುಬಿಡ್ರಿ."

"ನಮ್ಮಲ್ಲಿ ಪೂರಾ ಮುಳುಗಬೇಕಮ್ಮ. ಮುಂದಿನ ತಿಂಗಳು ಬರ್ತೀನಿ."

"ಮುಂದಿನ ತಿಂಗಳು ನಾನಿರಲ್ಲ."

ಪಾಸ್ಟರು ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಪ್ರಾರ್ಥನೆ ಮಾಡಿ ಹನ್ನೆರಡರ ಬಸ್ಸಿಗೆ ಹೋದರು.

ಮರುದಿನ ಸಾಮಾನು ಹೇರಲು ಲಾರಿ ಬಂದಾಗ ಸಿದ್ದಕ್ಕ ಮನೆಯಲ್ಲಿರಲಿಲ್ಲ. ಹುಡುಕಿದರೆ ತೊಟ್ಟಿಯ ತಳದಲ್ಲಿ, ಕೆಸರಿನ ಮೇಲೆ, ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು. ಗಂಗರಾಜು ಮೇಲಿಂದಲೇ ರೇಗಿದ, ಜನ ನೋಡುತ್ತಾರೆ ಅಂದ. ಗಾದ್ರಪ್ಪ ಇಳಿದು ಕೈ ಕೊಟ್ಟ.

"ಏನಕ್ಕ ಇದು?"

"ನಾನು ಬಂದಿದ್ದೆ, ನೀರೇ ಇರ್ಲಿಲ್ಲ ಅಂತ ಯೇಸಪ್ಪಗೆ ಗೊತ್ತಿರ್ಲಿ."

ಮೇಲೆ ಬಂದವಳಿಗೆ ಗಂಗರಾಜು ಬೇರೆ ಸೀರೆ ಕೊಟ್ಟ. ಉಡಲಿಲ್ಲ. ಬೆನ್ನಿನ ಕೆಸರನ್ನು ಯಾರಿಗೂ ಒರೆಸಗೊಡದೆ, ಹಾಗೆಯೇ ಲಾರಿ ಹತ್ತಿ ಹೋದಳು, ಸೋಮವಾರ.